ಕ್ರೈಸ್ತ ಕಾಲೇಜುಗಳ ಅಧ್ಯಾಪಕ ವಿನಿಮಯ: ಘಟ್ಟ ಹತ್ತಿ ಬರುವುದೆಷ್ಟು, ಇಲ್ಲಿ ಉಳಿಯುವುದೆಷ್ಟು

ಮಂಗಳೂರು, ಬೆಂಗಳೂರು, ಚೆನ್ನೈ, ತಿರುಚಿರಾಪಳ್ಳಿಯ ಹಳೆಯ ಕ್ರೈಸ್ತ ಕಾಲೇಜುಗಳಲ್ಲಿ ಹತ್ತಾರು ವರ್ಷ ಪಳಗಿದ ವಿಶೇಷ ಕೋರ್ಸುಗಳಿವೆ. ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆಯ ಸಣ್ಣ ಕಾಲೇಜೊಂದು ಅಂಥದ್ದನ್ನು ತಾನೇ ಮೊದಲಿನಿಂದ ಕಟ್ಟಲು ಹೊರಟರೆ ಜನವೂ ಸಾಲದು, ದುಡ್ಡೂ ಸಾಲದು. ಅದಕ್ಕಿರುವ ದಾರಿ ಅಧ್ಯಾಪಕ ವಿನಿಮಯ. ಅಲ್ಲಿಯವರು ಒಂದು ವಾರ ಇಲ್ಲಿಗೆ ಬಂದು ಪಾಠ ಮಾಡುತ್ತಾರೆ, ಇಲ್ಲಿಯವರು ಒಂದು ವಾರ ಅಲ್ಲಿಗೆ ಹೋಗಿ ಕೆಲಸ ನೋಡಿ ಬರುತ್ತಾರೆ. ಮಲೆನಾಡಿನ ಕಾಲೇಜಿನ ಕಡೆಯಿಂದ ನೋಡಿದರೆ ಇದೊಂದು ಸೇವೆ. ಇದರಿಂದ ಏನು ಸಿಗುತ್ತದೆ, ಎಷ್ಟು ಸಮಯ ಬೇಕು, ಎಲ್ಲಿ ಕೈಕೊಡುತ್ತದೆ ಎಂದು ತೂಗಿ ನೋಡಿಯೇ ಕೈಹಾಕಬೇಕು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಬಂದವರು ಊರಿಗೆ ಮರಳಿದ ಮೇಲೆ ಇಲ್ಲಿಯ ಅಧ್ಯಾಪಕರು ಒಬ್ಬರೇ ನಿಂತು ಅದೇ ಪಾಠವನ್ನು ಮುಂದಿನ ವರ್ಷವೂ ನಡೆಸುವಂತಾದರೆ ವಿನಿಮಯ ಫಲಿಸಿತು. ಹಾಗಾಗದಿದ್ದರೆ ಅದು ಅತಿಥಿ ಉಪನ್ಯಾಸ ಅಷ್ಟೆ. ಹಾರ, ಶಾಲು, ಫೋಟೊ, ನೆನಪಿನ ಕಾಣಿಕೆಯಲ್ಲಿ ಮುಗಿಯುತ್ತದೆ. ಈಗ ನಡೆಯುವ ಭೇಟಿಗಳಲ್ಲಿ ಈ ಎರಡನೇ ಬಗೆಯದೇ ಹೆಚ್ಚು. ತಪ್ಪು ಬರುವವರಲ್ಲಿರುವುದಿಲ್ಲ, ಭೇಟಿಯನ್ನು ಜೋಡಿಸುವ ಬಗೆಯಲ್ಲಿರುತ್ತದೆ.

ಸರಕೇನೋ ಗಟ್ಟಿಯಾಗಿದೆ. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ಸ್ನಾತಕೋತ್ತರ ಕೋರ್ಸೂ ಅಲ್ಲಿದೆ. ಯೇಸು ಸಭೆಯವರು 1880ರಲ್ಲಿ ಕಟ್ಟಿ, 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಸಂತ ಅಲೋಶಿಯಸ್‌ಗೆ ತನ್ನದೇ ಸಮುದಾಯ ಬಾನುಲಿ ರೇಡಿಯೋ ಸಾರಂಗ್ ಇದೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಸಮಾಜಸೇವೆಯ ಕೆಲಸಕ್ಕೇ ಮೀಸಲಾದ ಕೇಂದ್ರವಿದೆ. 1844ರಲ್ಲಿ ಶುರುವಾದ ತಿರುಚಿರಾಪಳ್ಳಿಯ ಸಂತ ಜೋಸೆಫ್ ಕಾಲೇಜು ವಿದ್ಯಾರ್ಥಿಗಳನ್ನು ಹಳ್ಳಿಗಳ ಜೊತೆ ಬೆಸೆಯುವ ಶೆಫರ್ಡ್ ಎಂಬ ವಿಸ್ತರಣಾ ಯೋಜನೆಗೆ ಹೆಸರಾದದ್ದು. ಚೆನ್ನೈನ ಲೊಯೋಲಾದಲ್ಲಿ ಕೀಟಶಾಸ್ತ್ರಕ್ಕೇ ಒಂದು ಸಂಶೋಧನಾ ಸಂಸ್ಥೆ ಇದೆ. ಪರಸ್ಪರ ಪರಿಚಯಕ್ಕೆ ಬೇಕಾದ ಕೊಂಡಿಗಳೂ ಇವೆ: 1967ರಿಂದ ಇರುವ ಅಖಿಲ ಭಾರತ ಕ್ರೈಸ್ತ ಉನ್ನತ ಶಿಕ್ಷಣ ಸಂಘ, ಕ್ಯಾಥೋಲಿಕ್ ಕಾಲೇಜುಗಳಿಗೆ ಕ್ಸೇವಿಯರ್ ಬೋರ್ಡ್.

ಮೊದಲ ತೊಡಕು ಕಾಗದದ್ದು. ಮೇಲೆ ಹೇಳಿದವು ಸ್ವಾಯತ್ತ ಕಾಲೇಜುಗಳು ಇಲ್ಲವೆ ವಿಶ್ವವಿದ್ಯಾಲಯಗಳು. ಪಠ್ಯಕ್ರಮವನ್ನು ತಮ್ಮದೇ ಅಧ್ಯಯನ ಮಂಡಳಿಯಲ್ಲಿ ಇಟ್ಟು ಒಪ್ಪಿಸಿಕೊಳ್ಳಬಲ್ಲರು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸಂಯೋಜಿತ ಕಾಲೇಜಿಗೆ ಆ ಸ್ವಾತಂತ್ರ್ಯವಿಲ್ಲ, ಪಠ್ಯ ಬರುವುದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಸಂವಿಧಾನದ 30ನೇ ವಿಧಿ ಕೊಡುವ ಹಕ್ಕು ಆಡಳಿತದ್ದು. ವಿಶ್ವವಿದ್ಯಾಲಯದ ಪಠ್ಯವನ್ನು ಬದಲಿಸುವ ಪರವಾನಗಿ ಅದರಲ್ಲಿಲ್ಲ. ಆದ್ದರಿಂದ ಅಲ್ಲಿಯ ಪದವಿ ಕೋರ್ಸನ್ನು ಇಡಿಯಾಗಿ ಕಿತ್ತು ತಂದು ಇಲ್ಲಿ ನೆಡಲಾಗದು. ನೆಡಬಹುದಾದದ್ದು ಅದರ ಒಂದು ಕಡ್ಡಿ: 30 ಗಂಟೆಯ ಸರ್ಟಿಫಿಕೇಟ್ ಕೋರ್ಸು, ಅಥವಾ ಇಲ್ಲಿಯ ಪಠ್ಯದಲ್ಲಿ ಈಗಾಗಲೇ ಇರುವ ಪ್ರಾಯೋಗಿಕ ತರಗತಿಯನ್ನೋ ಪ್ರಾಜೆಕ್ಟನ್ನೋ ಇನ್ನಷ್ಟು ಚೆನ್ನಾಗಿ ನಡೆಸುವ ಕ್ರಮ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಲೆಕ್ಕದಲ್ಲಿ 15 ಗಂಟೆ ಪಾಠಕ್ಕೆ 1 ಕ್ರೆಡಿಟ್, ಪ್ರಾಯೋಗಿಕವಾದರೆ 30 ಗಂಟೆಗೆ 1. ಆದರೂ ವಿಶ್ವವಿದ್ಯಾಲಯ ಒಪ್ಪದೆ ಆ ಕ್ರೆಡಿಟ್ ಅಂಕಪಟ್ಟಿಗೆ ಏರದು. ಇದನ್ನು ವಿದ್ಯಾರ್ಥಿಗಳಿಗೆ ದಾಖಲಾತಿಯ ದಿನವೇ ಬಾಯಿಬಿಟ್ಟು ಹೇಳಬೇಕು. ಹೇಳದೆ ಹೋದರೆ ಮೂರನೇ ವಾರಕ್ಕೆ ಹಾಜರಾತಿ ಅರ್ಧಕ್ಕಿಳಿಯುತ್ತದೆ.

ಎರಡನೆಯದು ಆಯ್ಕೆಯ ಪ್ರಶ್ನೆ. "ನಿಮ್ಮಲ್ಲಿರುವ ಒಳ್ಳೆಯದನ್ನೆಲ್ಲ ನಮಗೂ ಕೊಡಿ" ಎಂದು ಕೇಳಿದರೆ ಏನೂ ಬರುವುದಿಲ್ಲ. ಒಂದು ಭೇಟಿಗೆ ಒಂದೇ ವಸ್ತು ಇರಬೇಕು, ಅದೂ ಕೈಗೆ ಸಿಗುವಂಥದ್ದಾಗಿರಬೇಕು: ಕ್ಷೇತ್ರಕಾರ್ಯದ ದಿನಚರಿ ತಿದ್ದುವ ಕ್ರಮ, 15 ನಿಮಿಷದ ಧ್ವನಿ ಕಾರ್ಯಕ್ರಮ ತಯಾರಿಸುವ ಕ್ರಮ, ತೋಟದ ಕೀಟಗಳನ್ನು ಗುರುತಿಸಿ ದಾಖಲಿಸುವ ಕ್ರಮ. 'ಮಹಿಳಾ ಸಬಲೀಕರಣ', 'ಮೌಲ್ಯ ಶಿಕ್ಷಣ' ಎಂಬ ತಲೆಬರಹಕ್ಕೆ ಕರೆಸಿದವರು ಎಷ್ಟೇ ಚೆನ್ನಾಗಿ ಮಾತಾಡಿದರೂ ಮರುವರ್ಷ ಇಲ್ಲಿಯವರ ಕೈಯಲ್ಲಿ ಹಿಡಿದು ನಡೆಸಲು ಏನೂ ಉಳಿದಿರುವುದಿಲ್ಲ.

30 ಗಂಟೆಯನ್ನು ಹಂಚುವ ಬಗೆಯಲ್ಲಿ ನಮಗೆ ಸರಿಕಂಡದ್ದು ಹೀಗೆ. ಎಲ್ಲಕ್ಕೂ ಮೊದಲು ಇಲ್ಲಿಯ ಅಧ್ಯಾಪಕರು ಅಲ್ಲಿಗೆ ಹೋಗಿ ಐದಾರು ದಿನ ಇರಬೇಕು. ಹೆಚ್ಚಿನ ಕಾಲೇಜುಗಳು ಇದನ್ನು ಬಿಟ್ಟು ನೇರ ಕರೆಸಿಕೊಳ್ಳಲು ಹೋಗಿ ಎಡವುತ್ತವೆ. ಅಲ್ಲಿ ಪಾಠ ಕೇಳುವುದಕ್ಕಿಂತ ಮುಖ್ಯ, ಪಾಠದ ಹಿಂದಿನ ಕೆಲಸ ನೋಡುವುದು: ರಿಜಿಸ್ಟರು ಹೇಗಿದೆ, ಸಾಮಾನು ಯಾರ ಕೈಯಲ್ಲಿದೆ, ವಿದ್ಯಾರ್ಥಿ ತಪ್ಪಿದಾಗ ಯಾರು ಏನು ಮಾಡುತ್ತಾರೆ. ಆಮೇಲೆ ಅಲ್ಲಿಯವರ ಮೊದಲ ಭೇಟಿ, 6 ದಿನ, ದಿನಕ್ಕೆ 2 ಗಂಟೆಯಂತೆ 12 ಗಂಟೆ. ಅಷ್ಟೂ ಹೊತ್ತು ಇಲ್ಲಿಯ ಅಧ್ಯಾಪಕರು ಅದೇ ಕೋಣೆಯಲ್ಲಿ ಕೂತಿರಬೇಕು. "ಮೇಡಂ ಬಂದಿದ್ದಾರಲ್ಲ" ಎಂದು ಆಫೀಸು ಕೆಲಸಕ್ಕೆ ಎದ್ದು ಹೋದರೆ ಅಲ್ಲಿಗೆ ವಿನಿಮಯ ಸತ್ತಿತು. ನಂತರದ 5 ವಾರ ವಾರಕ್ಕೆ 2 ಗಂಟೆಯಂತೆ 10 ಗಂಟೆ ಇಲ್ಲಿಯವರೇ ಪಾಠ ಮಾಡಿ, ವಾರಕ್ಕೊಮ್ಮೆ ಅರ್ಧ ಗಂಟೆ ಫೋನಿನಲ್ಲಿ ಅವರೊಡನೆ ಕೂತು ತಪ್ಪು ಒಪ್ಪು ನೋಡಿಕೊಳ್ಳಬೇಕು. ಕೊನೆಗೆ 3 ದಿನದ ಎರಡನೇ ಭೇಟಿ, 8 ಗಂಟೆ. ಅದರಲ್ಲಿ 4 ಗಂಟೆ ಇಲ್ಲಿಯವರು ಪಾಠ ಮಾಡುತ್ತಾರೆ, ಬಂದವರು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಾರೆ. ಈ 4 ಗಂಟೆಯೇ ಇಡೀ ವ್ಯವಸ್ಥೆಯ ಅಸಲಿ ಪರೀಕ್ಷೆ. ಖರ್ಚು ಉಳಿಸಲು ಎರಡನೇ ಭೇಟಿಯನ್ನು ಕೈಬಿಡುವುದಾದರೆ ಮೊದಲ ಭೇಟಿಯನ್ನೂ ಬಿಡುವುದೇ ಮೇಲು.

ಮಲೆನಾಡಿಗೆ ಹೆಚ್ಚು ಒಗ್ಗುವುದು ಸಮಾಜಕಾರ್ಯದ ಕ್ಷೇತ್ರಕಾರ್ಯ, ಅದಕ್ಕೇ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದರ ಸಾಮಾನ್ಯ ರೂಢಿ ವಾರಕ್ಕೆ ಎರಡು ದಿನ ಊರಲ್ಲೋ ಸಂಸ್ಥೆಯಲ್ಲೋ ಕೆಲಸ, ಒಟ್ಟು 15 ಗಂಟೆಯ ಹತ್ತಿರ. ನಂತರ ಬರವಣಿಗೆಯ ವರದಿ. ವಾರಕ್ಕೊಮ್ಮೆ ವಿದ್ಯಾರ್ಥಿ ಮತ್ತು ಮಾರ್ಗದರ್ಶಿ ಇಬ್ಬರೇ ಕೂತು ಮಾತು, ನಡುವೆ ಗುಂಪಿನ ಸಭೆ. ಇದನ್ನು ಇಲ್ಲಿಯ ಬಿ.ಎ. ಸಮಾಜಶಾಸ್ತ್ರದ ಮಕ್ಕಳಿಗೆ ತರುವಾಗ ವಾರಕ್ಕೆ ಒಂದೇ ದಿನ ಸಾಕು, ಗುಂಪಿನಲ್ಲಿ 8ರಿಂದ 10 ಮಂದಿ ಮೀರಬಾರದು. ಮೀರಿದರೆ ಒಬ್ಬೊಬ್ಬರ ಜೊತೆ ಕೂರುವ 20–30 ನಿಮಿಷವೇ ಮೊದಲು ಮಾಯವಾಗುವುದು, ಅದು ಹೋದರೆ ಕ್ಷೇತ್ರಕಾರ್ಯ ಪ್ರವಾಸವಾಗುತ್ತದೆ.

ಪಠ್ಯಕ್ರಮದ ಪ್ರತಿ ಯಾರು ಕೇಳಿದರೂ ಸಿಗುತ್ತದೆ, ಅದರಲ್ಲಿ ಗುಟ್ಟೇನೂ ಇಲ್ಲ. ಗುಟ್ಟಿರುವುದು ವರದಿಯ ಅಂಚಿನಲ್ಲಿ ಮಾರ್ಗದರ್ಶಿ ಬರೆಯುವ ಷರಾದಲ್ಲಿ. "ಅವರು ಹಾಗೆ ಹೇಳಿದಾಗ ನೀನು ಸುಮ್ಮನಿದ್ದದ್ದು ಏಕೆ?" "ಇದು ನೀನು ಕಂಡದ್ದೋ, ಆಶಾ ಕಾರ್ಯಕರ್ತೆ ಹೇಳಿದ್ದೋ?" ಎಂಬಂಥ ಪ್ರಶ್ನೆಗಳೇ ವಿದ್ಯಾರ್ಥಿಯನ್ನು ತಿದ್ದುವುದು. ಹಾಗಾಗಿ ಅಲ್ಲಿಗೆ ಹೋದವರು ಹೆಸರು, ಊರು ಅಳಿಸಿದ ಹತ್ತು ಹಳೆಯ ವರದಿಗಳನ್ನು ಷರಾ ಸಮೇತ ಕೇಳಿ ತರಬೇಕು. ಹತ್ತರಲ್ಲಿ ಮೂರು ಕೆಟ್ಟ ವರದಿಗಳೂ ಇರಲಿ. ಒಳ್ಳೆಯದನ್ನು ನೋಡಿ ಕಲಿಯುವುದಕ್ಕಿಂತ ಕೆಟ್ಟದ್ದನ್ನು ಹೇಗೆ ತಿದ್ದಿದರು ಎಂದು ನೋಡಿ ಕಲಿಯುವುದು ಹೆಚ್ಚು.

ಅಲ್ಲಿಯದನ್ನು ಇಲ್ಲಿ ಹಾಗೇ ಇಳಿಸಿದರೆ ಕೆಡುವುದು ಮನೆ ಭೇಟಿಯಲ್ಲಿ. ಪಟ್ಟಣದ ಒಂದು ಬಡಾವಣೆಯಲ್ಲಿ ವಿದ್ಯಾರ್ಥಿ ಅರ್ಧ ದಿನಕ್ಕೆ ಹತ್ತು ಮನೆ ನೋಡಬಹುದು. ಹೊಸನಗರ, ತೀರ್ಥಹಳ್ಳಿಯ ಕಡೆ ಒಂದು ಮನೆಯಿಂದ ಇನ್ನೊಂದಕ್ಕೆ ತೋಟ, ಗದ್ದೆ, ಸಂಕ ದಾಟಿ ಹೋಗಬೇಕು. ಮೂರು ಮನೆ ಆಗುವಷ್ಟರಲ್ಲಿ ವಾಪಸು ಬಸ್ಸಿನ ಹೊತ್ತಾಗಿರುತ್ತದೆ. ಇಲ್ಲಿ ಮನೆಯ ಬದಲು ಅಂಗನವಾಡಿ, ಗ್ರಾಮ ಪಂಚಾಯಿತಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಸ್ತ್ರೀಶಕ್ತಿ ಸಂಘದ ಸಭೆ ಇವನ್ನು ನೆಲೆ ಮಾಡಿಕೊಂಡು, ಜನ ತಾವಾಗಿ ಸೇರುವ ಕಡೆ ವಿದ್ಯಾರ್ಥಿಯನ್ನು ಕೂರಿಸುವುದು ಸರಿ. ಬಂದ ಅಧ್ಯಾಪಕರನ್ನು ಮೊದಲ ದಿನವೇ ಅಂಥ ಒಂದು ಊರಿಗೆ ಬಸ್ಸಿನಲ್ಲೇ ಕರೆದೊಯ್ಯಬೇಕು, ಕಾಲೇಜಿನ ಕಾರಿನಲ್ಲಿ ಬೇಡ. ದೂರ ಎಷ್ಟೆಂದು ಕಾಲಿಗೆ ಗೊತ್ತಾದರೆ ಅವರೇ ಯೋಜನೆಯನ್ನು ಬದಲಿಸುತ್ತಾರೆ. ಇನ್ನೊಂದು ಮಾತು: ಕ್ರೈಸ್ತ ಕಾಲೇಜಿನವರು ಊರಿಗೆ ಬರುತ್ತಿದ್ದಾರೆಂದರೆ ಕೆಲವರಿಗೆ ಅನುಮಾನ ಹುಟ್ಟುವುದುಂಟು. ಪಂಚಾಯಿತಿಗೆ ಮುಂಚಿತವಾಗಿ ಪತ್ರ ಕೊಟ್ಟು, ಯಾವ ಕೋರ್ಸು, ಎಷ್ಟು ವಾರ, ಏನು ಕೇಳುತ್ತೇವೆ ಎಂದು ಕನ್ನಡದಲ್ಲಿ ಬರೆದು, ಅಧ್ಯಕ್ಷರ ಇಲ್ಲವೆ ಪಿಡಿಒ ಸಹಿ ಪಡೆದ ಪ್ರತಿಯನ್ನು ವಿದ್ಯಾರ್ಥಿಯ ಚೀಲದಲ್ಲಿ ಇಡಿ. ಈ ಕಾಲೇಜುಗಳಲ್ಲಿ ಓದುವವರೂ ಕಲಿಸುವವರೂ ಎಲ್ಲ ಮತದವರು. ಗುಂಪಿನಲ್ಲೂ ಅದು ಕಾಣುವಂತಿರಲಿ.

ಬಾನುಲಿ ಕೋರ್ಸಿನ ವಿಷಯ ಬೇರೆ. ಸಮುದಾಯ ಬಾನುಲಿಗೆ ಅನುಮತಿ ಇರುವುದು 100 ವಾಟ್ ಪ್ರಸಾರ ಶಕ್ತಿ, 30 ಮೀಟರ್ ಗೋಪುರಕ್ಕೆ. ಬಯಲಿನಲ್ಲಿ ಅದು ಹತ್ತು ಕಿಲೋಮೀಟರಿನ ಆಸುಪಾಸು ಮುಟ್ಟೀತು. ಎಫ್‌ಎಂ ಅಲೆ ನೇರ ಹೋಗುವಂಥದ್ದು, ಗುಡ್ಡದ ಆಚೆಯ ಕಣಿವೆಗೆ ಇಳಿಯುವುದಿಲ್ಲ. ತೀರ್ಥಹಳ್ಳಿ, ಹೊಸನಗರದಂಥ ಕಡೆ ಕೇಂದ್ರ ಹಾಕಿದರೆ ಮೂರನೇ ತಿರುವಿನಲ್ಲೇ ಧ್ವನಿ ಕರಕರ ಎನ್ನುತ್ತದೆ. ಲೈಸೆನ್ಸು ಕೇಂದ್ರದ ವಾರ್ತಾ ಮತ್ತು ಪ್ರಸಾರ ಇಲಾಖೆಯಿಂದ ಬರಬೇಕು, ಅದಕ್ಕೆ ಹಿಡಿಯುವ ಕಾಲವೂ ಕಡಿಮೆಯಲ್ಲ. ಆದ್ದರಿಂದ ವಿನಿಮಯದಲ್ಲಿ ಗೋಪುರದ ಕನಸು ಬಿಟ್ಟು ಸ್ಟುಡಿಯೋದ ಕೆಲಸ ಮಾತ್ರ ತೆಗೆದುಕೊಳ್ಳಿ: ಸಂದರ್ಶನ, ಧ್ವನಿಮುದ್ರಣ, ಸಂಕಲನ, ನಿರೂಪಣೆಯ ಬರವಣಿಗೆ. ತಯಾರಾದದ್ದನ್ನು ಫೋನಿನಲ್ಲಿ ಹಂಚಬಹುದು.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಕೈ ರೆಕಾರ್ಡರ್, ಎರಡು ಮೈಕು, ಎರಡು ಕಂಪ್ಯೂಟರ್, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ. ಮೈಕು ಬಾಯಿಂದ ಒಂದು ಗೇಣು ದೂರ ಇರಲಿ. ಮಾತಿಗೆ ಒಂದೇ ಚಾನೆಲ್ ಸಾಕು, 44.1 ಕಿಲೋಹರ್ಟ್ಸ್, 16 ಬಿಟ್. ಜೋರು ಮಾತಿಗೂ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ, ದಾಟಿ ಒಡೆದ ಧ್ವನಿಯನ್ನು ಆಮೇಲೆ ಸರಿಪಡಿಸಲು ಬಾರದು. 15 ನಿಮಿಷದ ಕಾರ್ಯಕ್ರಮಕ್ಕೆ ಸುಮಾರು ಒಂದು ಗಂಟೆ ಮುದ್ರಿಸಿ, ಹೊಸಬರು ನಾಲ್ಕೈದು ಗಂಟೆ ಕೂತು ಕತ್ತರಿಸಬೇಕಾಗುತ್ತದೆ. ಮೊದಲ ಭೇಟಿಯ 12 ಗಂಟೆಯಲ್ಲಿ ಯಂತ್ರಕ್ಕೆ 4 ಗಂಟೆ ಸಾಕು, ಉಳಿದದ್ದು ಪ್ರಶ್ನೆ ಕೇಳುವುದನ್ನು ಕಲಿಯಲು. ಬಂದವರು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತಾರೆ, ಯಂತ್ರ ಕಲಿಸುವುದು ಸುಲಭ ಎಂಬ ಕಾರಣಕ್ಕೆ. ಮುಂಚೆಯೇ ಹೇಳಿ ಒಪ್ಪಿಸಿಕೊಳ್ಳಿ.

ಕರಾವಳಿಯವರಿಗೂ ಮಳೆ ಹೊಸದಲ್ಲ, ಆದರೆ ಹಂಚಿನ ಮಾಡಿನ ಕೆಳಗೆ, ಅದಕ್ಕಿಂತ ಕೆಟ್ಟದಾಗಿ ತಗಡಿನ ಶೀಟಿನ ಕೆಳಗೆ, ಜುಲೈಯಲ್ಲಿ ಮುದ್ರಣ ಅಸಾಧ್ಯ. ತಾರಸಿ ಕಟ್ಟಡದ ನೆಲಮಹಡಿಯ ಕೋಣೆ ಹುಡುಕಿ, ಗೋಡೆಗೆ ಹಳೆ ಕಂಬಳಿ ಇಳಿಬಿಡಿ, ಮುದ್ರಿಸುವಾಗ ಫ್ಯಾನು ನಿಲ್ಲಿಸಿ. ಮೈಕು, ರೆಕಾರ್ಡರ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಹರಳಿನ ಜೊತೆ ಇಡದಿದ್ದರೆ ಒಂದೇ ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ. ನೀಲಿ ಹರಳು ನಸುಗೆಂಪಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.

ವಿಧಿವಿಜ್ಞಾನವನ್ನು ಮಾತ್ರ ನಾವು ಶಿಫಾರಸು ಮಾಡುವುದಿಲ್ಲ. ಬೆರಳಚ್ಚಿನ ಪುಡಿ ಹಾಕಿ ತೋರಿಸಿದರೆ ಸಭಾಂಗಣ ತುಂಬುತ್ತದೆ ನಿಜ. ಪ್ರಯೋಗಾಲಯ, ರಾಸಾಯನಿಕ, ವರ್ಷವಿಡೀ ಇರುವ ಅಧ್ಯಾಪಕರು ಇಲ್ಲದೆ ಅದು ಒಂದು ದಿನದ ಪ್ರದರ್ಶನದಿಂದ ಮುಂದೆ ಹೋಗದು.

ಕೀಟಶಾಸ್ತ್ರ ಹಾಗಲ್ಲ. ಅಡಿಕೆ ತೋಟ ಕಾಲೇಜಿನ ಹಿಂದೆಯೇ ಇರುತ್ತದೆ. ಬೇರುಹುಳ, ನುಸಿ, ತಿಗಣೆ ಯಾವುದೆಂದು ಗುರುತಿಸಲು ಕಲಿತ ಹುಡುಗನ ಮಾತಿಗೆ ಮನೆಯಲ್ಲೂ ಬೆಲೆ ಬರುತ್ತದೆ. ಆದರೆ ಬಂದವರು ಉತ್ಸಾಹದಲ್ಲಿ ಶೆಟ್ಟಿಹಳ್ಳಿಯಂಥ ಅಭಯಾರಣ್ಯದೊಳಗೆ ಬಲೆ ಹಿಡಿದು ಹೊರಟರೆ ತಡೆಯಿರಿ. 1972ರ ವನ್ಯಜೀವಿ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿಂದ ಒಂದು ಚಿಟ್ಟೆಯನ್ನೂ ತರುವಂತಿಲ್ಲ. ಮಾಲೀಕರ ಒಪ್ಪಿಗೆ ಪಡೆದು ತೋಟದಲ್ಲೇ ಕೆಲಸ ಮಾಡಿ, ಸಂಗ್ರಹದ ಬದಲು ಫೋಟೊ ಮತ್ತು ಎಣಿಕೆಯ ದಾಖಲೆ ಇಡಿ. ರೋಗದ ಮದ್ದಿನ ಪ್ರಶ್ನೆ ಬಂದರೆ ಉತ್ತರ ಕೊಡುವ ಕೆಲಸ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದವರಿಗೆ ಬಿಡುವುದು ಕ್ಷೇಮ.

ವಿನಿಮಯ ಎಂದ ಮೇಲೆ ಇಲ್ಲಿಂದಲೂ ಏನಾದರೂ ಹೋಗಬೇಕಲ್ಲ. ಈ ಪ್ರಶ್ನೆ ಬಂದಾಗ ನಮ್ಮ ಕಡೆಯ ಕಾಲೇಜುಗಳು "ನಮ್ಮಲ್ಲೇನಿದೆ" ಎಂದು ಸಂಕೋಚಪಡುತ್ತವೆ. ಇದು ನಮಗೆ ನಿಜಕ್ಕೂ ನೋವು ಕೊಡುವ ಸಂಗತಿ. ಮಂಗನ ಕಾಯಿಲೆಯನ್ನು ಜಗತ್ತು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಾರ್ವಜನಿಕ ಆರೋಗ್ಯ ಕಲಿಸುವ ಯಾವ ಕಾಲೇಜಿಗೂ ಆ ಪಾಠ ಪುಸ್ತಕದಲ್ಲಿದೆ, ನಮಗೆ ನೆರೆಯಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟಿಗೆ ಮನೆ ಮಠ ಬಿಟ್ಟು ಎದ್ದ ಕುಟುಂಬಗಳ ಭೂಮಿ ಹಕ್ಕಿನ ಪ್ರಶ್ನೆ, ಅಣೆಕಟ್ಟು ಮುಗಿದ 1964ರಿಂದ ಇಷ್ಟು ವರ್ಷವಾದರೂ ಆರಿಲ್ಲ. ಸ್ಥಳಾಂತರ ಎಂಬ ಅಧ್ಯಾಯಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ? 1951ರ ಕಾಗೋಡು ಸತ್ಯಾಗ್ರಹ ಸಾಗರ ತಾಲ್ಲೂಕಿನದ್ದು. ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ಮಾರುವ ಮ್ಯಾಮ್‌ಕೋಸ್‌ನಂಥ ಸಹಕಾರಿಯ ವ್ಯಾಪಾರ ವಾಣಿಜ್ಯದವರಿಗೆ ಒಂದು ಇಡೀ ಘಟಕದ ಪಾಠ. ಭದ್ರಾವತಿಯ ಕಬ್ಬಿಣ ಕಾರ್ಖಾನೆಯ ಏಳುಬೀಳು ಅರ್ಥಶಾಸ್ತ್ರಕ್ಕೆ. ರಂಗಭೂಮಿಗೆ ಹೆಗ್ಗೋಡಿನ ನೀನಾಸಂ ಇದೆ; 1949ರಲ್ಲಿ ಹುಟ್ಟಿದ ಆ ಸಂಸ್ಥೆಯ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇವುಗಳಲ್ಲಿ ಯಾವುದಾದರೂ ಒಂದನ್ನು ಹಿಡಿದು, 12 ಗಂಟೆಯ ಪಾಠ ಮತ್ತು ಎರಡು ದಿನದ ಸ್ಥಳಭೇಟಿ ಎಂಬಂತೆ ಸಿದ್ಧ ಮಾಡಿಟ್ಟುಕೊಂಡ ಕಾಲೇಜಿಗೆ ಮಾತ್ರ ದೊಡ್ಡ ಕಾಲೇಜು ಸರಿಸಮನಾಗಿ ಕೂರಿಸಿ ಮಾತಾಡುತ್ತದೆ. ಕೊಡುವುದು ಏನೂ ಇಲ್ಲದೆ ಬರೀ ಪಡೆಯಲು ಹೋದರೆ ಎರಡನೇ ವರ್ಷಕ್ಕೆ ಆ ಕಡೆಯ ಆಸಕ್ತಿ ಆರಿಹೋಗುತ್ತದೆ. ಅದು ಸಹಜ, ದೂರಬಾರದು.

ಕಾಡಂಚಿನ ಭೇಟಿಗೆ ಒಂದು ಕಟ್ಟುನಿಟ್ಟಿನ ಎಚ್ಚರಿಕೆ. ಮಂಗನ ಕಾಯಿಲೆ ಹರಡುವ ಕಾಲ ಡಿಸೆಂಬರ್‌ನಿಂದ ಮೇವರೆಗೆ, ಅದನ್ನು ಹರಡುವ ಉಣುಗಿನ ಮರಿಗಳು ಹೆಚ್ಚಿರುವಾಗ. ಕೆಳಗಿನಿಂದ ಬರುವವರಿಗೆ ಇದರ ಅಂದಾಜಿರುವುದಿಲ್ಲ, ಚಳಿಗಾಲ ಹಿತ ಎಂದು ಜನವರಿಯನ್ನೇ ಕೇಳುತ್ತಾರೆ. ಆ ತಿಂಗಳಲ್ಲಿ ಬಂದರೆ ಕಾಡಿನೊಳಗೆ ಕರೆದೊಯ್ಯಬೇಡಿ. ಹಳ್ಳಿಗೆ ಹೋಗಲೇಬೇಕಾದರೆ ಮೊದಲು ಆರೋಗ್ಯ ಕೇಂದ್ರದಲ್ಲಿ ಕೇಳಿ; ಮಂಗ ಸತ್ತ ಸುದ್ದಿ ಇದ್ದರೆ ಆ ಊರು ಬಿಡಿ. ಉಣುಗು ಕಚ್ಚದಂತೆ ಕೈಕಾಲಿಗೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ ಹಚ್ಚಿ, ಮೈ ಮುಚ್ಚುವ ಬಟ್ಟೆ ಹಾಕಿ, ತರಗೆಲೆಯ ಮೇಲೆ ಕೂರದೆ, ಮರಳಿದ ಕೂಡಲೇ ಬಿಸಿನೀರು ಸೋಪಿನಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು.

ಹಾಗಾದರೆ ಯಾವ ತಿಂಗಳು? ಜೂನ್‌ನಿಂದ ಆಗಸ್ಟ್ ಮಳೆ. ಮಂಗಳೂರಿನಿಂದ ಉಡುಪಿ, ಹೆಬ್ರಿ, ಆಗುಂಬೆ, ತೀರ್ಥಹಳ್ಳಿ ಮೇಲೆ ಶಿವಮೊಗ್ಗ ಸುಮಾರು 200 ಕಿಲೋಮೀಟರು. ಆಗುಂಬೆ ಘಾಟಿಯಲ್ಲಿ ಮಣ್ಣು ಕುಸಿದರೆ ಹುಲಿಕಲ್ ಘಾಟಿ ಸುತ್ತಿ ಬರಬೇಕು. ಅಂಥ ದಿನ ಮೊದಲ ದಿನದ ಪಾಠ ಹೋಯಿತೆಂದೇ ಲೆಕ್ಕ. ಅಕ್ಟೋಬರ್ ಕೊನೆಯಿಂದ ಅಡಿಕೆಗೊನೆಯ ಕೊಯ್ಲು ಬಿರುಸಾಗಿ, ಸುಲಿಯುವ ಕಾಲಕ್ಕೆ ತೋಟದ ಮನೆಯ ಮಕ್ಕಳು ತರಗತಿಗೆ ಚಕ್ಕರ್ ಹಾಕುತ್ತಾರೆ. ಡಿಸೆಂಬರ್ ಮೂರನೇ ವಾರದಿಂದ ಕ್ರಿಸ್ಮಸ್ ರಜೆ. ಪವಿತ್ರ ವಾರದಲ್ಲಿ ಫಾದರ್, ಸಿಸ್ಟರ್‌ಗಳಿಗೆ ಪುರುಸೊತ್ತಿರದು. ಎರಡೂ ವಿಶ್ವವಿದ್ಯಾಲಯಗಳ ಪರೀಕ್ಷೆ ಮತ್ತು ಇಂಟರ್ನಲ್ಸ್ ದಿನಾಂಕಗಳನ್ನು ಇದರ ಮೇಲೆ ಹೊಂದಿಸಿದರೆ ಮೊದಲ ಭೇಟಿಗೆ ಉಳಿಯುವುದು ಎರಡೇ ಕಿಟಕಿ: ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ, ಮತ್ತು ಕಾಡಿನ ಕೆಲಸ ಇಲ್ಲದಿದ್ದರೆ ಫೆಬ್ರವರಿ. ಮೊದಲ ಭೇಟಿ ಸೆಪ್ಟೆಂಬರ್ ಮೂರನೇ ವಾರಕ್ಕೆ ಇಟ್ಟರೆ, ದಸರಾ ರಜೆ ನಡುವೆ ಬಂದರೂ ಎರಡನೆಯದನ್ನು ನವೆಂಬರ್ ಮೊದಲೆರಡು ವಾರದೊಳಗೆ ಮುಗಿಸಬಹುದು. ಬೆಂಗಳೂರು, ಚೆನ್ನೈ ಕಡೆಯವರಿಗೆ ರೈಲಿದೆ, ಘಟ್ಟದ ಚಿಂತೆ ಇಲ್ಲ. ಆದರೆ ಸಾಗರದವರೆಗೆ ರೈಲಿರುವಂತೆ ತೀರ್ಥಹಳ್ಳಿಗೆ ಇಲ್ಲ, ಅದನ್ನು ಮೊದಲೇ ತಿಳಿಸಿ.

ವಸತಿಯಲ್ಲಿ ಕ್ರೈಸ್ತ ಸಂಸ್ಥೆಗಳಿಗೆ ಬೇರೆಯವರಿಗಿಲ್ಲದ ಅನುಕೂಲವಿದೆ. ಕಾನ್ವೆಂಟ್, ಗುರುನಿವಾಸ, ಹಾಸ್ಟೆಲಿನ ಅತಿಥಿ ಕೋಣೆ ಹೆಚ್ಚು ಖರ್ಚಿಲ್ಲದೆ ಸಿಗುತ್ತವೆ. ಊಟದ ಮೇಜಿನಲ್ಲಿ ಆಗುವ ಮಾತುಕತೆಯಿಂದ ಕೋರ್ಸಿಗೆ ಎಷ್ಟೋ ಲಾಭವಾಗುತ್ತದೆ. ಕೇಳಿ ಖಚಿತ ಮಾಡಿಕೊಳ್ಳಬೇಕಾದದ್ದು ಸಣ್ಣ ಸಣ್ಣವು: ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ, ಬರುವವರು ಸಸ್ಯಾಹಾರಿಯೇ, ಬೆಳಗಿನ ಪೂಜೆಗೆ ಬರಲೇಬೇಕೆಂಬ ನಿರೀಕ್ಷೆ ಇದೆಯೇ, ಬಿಸಿನೀರು ಎಷ್ಟು ಹೊತ್ತಿಗೆ. ಬೇರೆ ಮತದ ಅಧ್ಯಾಪಕರಿಗೆ ಇದನ್ನು ಕೇಳಲು ಮುಜುಗರವಾಗುತ್ತದೆ, ಕರೆಸುವವರೇ ಮುಂದಾಗಿ ಹೇಳಬೇಕು.

ಭಾಷೆಯ ವಿಷಯಕ್ಕೆ ಬಂದರೆ ಮಂಗಳೂರಿನವರಿಗೆ ಅಂಕ ಹೆಚ್ಚು, ಕನ್ನಡದಲ್ಲೇ ಪಾಠ ಮಾಡಬಲ್ಲರು. ತಮಿಳುನಾಡಿನಿಂದ ಬಂದವರ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಕನ್ನಡ ಮಾಧ್ಯಮದಿಂದ ಬಂದ ಅರ್ಧ ತರಗತಿ ತಲೆಯಾಡಿಸುತ್ತ ಕೂತಿರುತ್ತದೆ. ಇದಕ್ಕೆ ಮದ್ದಿದೆ. ಗಂಟೆಯ ಕೊನೆಯ 15 ನಿಮಿಷವನ್ನು ಇಲ್ಲಿಯ ಅಧ್ಯಾಪಕರು ಕನ್ನಡದಲ್ಲಿ ತೆಗೆದುಕೊಂಡು, ಮಕ್ಕಳಿಂದಲೇ ಹೇಳಿಸಬೇಕು. ಒಂದು ಪುಟದ ಕನ್ನಡ ಟಿಪ್ಪಣಿ ಹಿಂದಿನ ದಿನವೇ ಕೈಗೆ ಹೋಗಿರಬೇಕು. ಟಿಪ್ಪಣಿ ಬರೆಯುವ ಹೊತ್ತಿಗೆ ಇಲ್ಲಿಯವರಿಗೇ ಪಾಠ ಅರ್ಧ ಬಂದಿರುತ್ತದೆ, ಅದೊಂದು ಹೆಚ್ಚುವರಿ ಲಾಭ.

ಎಲ್ಲಕ್ಕಿಂತ ಹೆಚ್ಚು ಜಗಳ ಹುಟ್ಟುವುದು ವರ್ಕ್‌ಲೋಡಿನಲ್ಲಿ. ಯುಜಿಸಿ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14. ಒಬ್ಬರು ಮೇಲೆ ಹೇಳಿದಂತೆ ಎರಡು ಸಲ ಬಂದರೆ ಅವರ ಊರಿನ ಕಾಲೇಜಿನಲ್ಲಿ ಸುಮಾರು 24 ಗಂಟೆ ಪಾಠ ಬಾಕಿ ಬೀಳುತ್ತದೆ. ಅದನ್ನು ಯಾರು ತೆಗೆದುಕೊಳ್ಳುತ್ತಾರೆ, ತಿರುಗಿ ಯಾವಾಗ ತೀರಿಸುವುದು ಎಂದು ಹೆಸರು ದಿನಾಂಕ ಸಮೇತ ಬರೆದಿಡದಿದ್ದರೆ ಎರಡನೇ ಭೇಟಿ ರದ್ದಾಗುವುದು ಖಚಿತ. ಅದೇ ನಿಯಮದಲ್ಲಿ ಬೇರೆ ಸಂಸ್ಥೆಯ ಆಹ್ವಾನದ ಮೇಲೆ ಪಾಠ ಮಾಡಲು ಹೋಗುವುದಕ್ಕೂ ಸೇರಿ ವರ್ಷಕ್ಕೆ 30 ದಿನದವರೆಗೆ ಕರ್ತವ್ಯ ರಜೆಗೆ ಅವಕಾಶವಿದೆ. ಪ್ರಯಾಣ ಸೇರಿಸಿದರೂ ಈ ಯೋಜನೆಗೆ 13 ದಿನ ಸಾಕು. ಅನುದಾನಿತ ಹುದ್ದೆಯವರಾದರೆ ಓಓಡಿ, ಅಂದರೆ ಅನ್ಯಕಾರ್ಯ ನಿಮಿತ್ತದ ಅನುಮತಿಯ, ಪತ್ರ ವ್ಯವಹಾರ ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಯ ಮೂಲಕ, ಅದನ್ನು ಒಂದು ತಿಂಗಳು ಮೊದಲೇ ಶುರು ಮಾಡಿ.

ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯುವ ಅತಿಥಿ ಉಪನ್ಯಾಸಕರ ಕಥೆ ಬೇರೆ. ಸಣ್ಣ ಕಾಲೇಜುಗಳಲ್ಲಿ ಹೊಸದನ್ನು ಕಲಿಯುವ ಹುಮ್ಮಸ್ಸಿರುವವರು ಹೆಚ್ಚಾಗಿ ಅವರೇ. ಒಂದು ವಾರ ಹೊರಗೆ ಹೋದರೆ ಅವರ ವಾರದ ಸಂಬಳವೇ ಹೋಗುತ್ತದೆ. ಆಡಳಿತ ಮಂಡಳಿ ಆ ಗಂಟೆಗಳ ಹಣವನ್ನು ಕೊಡಲೇಬೇಕು, ಪ್ರಯಾಣ ಭತ್ಯೆಯ ಪಟ್ಟಿಗಿಂತ ಮೇಲೆ ಈ ಸಾಲು ಬರೆಯಬೇಕು. ಕೊಡಲಾಗದ ಕಾಲೇಜು ವಿನಿಮಯಕ್ಕೆ ಕೈಹಾಕದಿರುವುದೇ ನ್ಯಾಯ.

ಒಡಂಬಡಿಕೆ ಪತ್ರದ ಬಗ್ಗೆ ಎರಡು ಮಾತು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಕೈಪಿಡಿಯ 3ನೇ ಮಾನದಂಡ ಸಹಯೋಗದ ಚಟುವಟಿಕೆ, ಚಾಲ್ತಿಯಲ್ಲಿರುವ ಒಡಂಬಡಿಕೆ ಎಷ್ಟೆಂದು ಕೇಳಿದ್ದರಿಂದ ಕಾಲೇಜುಗಳು ಸಹಿಗಳನ್ನು ಕೂಡಿಹಾಕುವ ಅಭ್ಯಾಸಕ್ಕೆ ಬಿದ್ದವು. ಹದಿನೈದು ಒಡಂಬಡಿಕೆ, ಒಂದಕ್ಕೂ ಪಾಠವಿಲ್ಲ. ಅದೇ ಕೈಪಿಡಿಯ 7ನೇ ಮಾನದಂಡ 'ಸಂಸ್ಥೆಯ ವೈಶಿಷ್ಟ್ಯ'ವನ್ನೂ ಕೇಳುತ್ತದೆ. ಮೂರು ವರ್ಷ ನಿಂತ ಒಂದೇ ಕೋರ್ಸು ಅಲ್ಲಿ ಹದಿನೈದು ಸಹಿಗಳಿಗಿಂತ ತೂಗುತ್ತದೆ. ಪತ್ರ ಎರಡು ಪುಟ ಮೀರದಿರಲಿ: ಯಾವ ವಸ್ತು, ಎಷ್ಟು ಗಂಟೆ, ಯಾರಿಂದ ಯಾರಿಗೆ, ಪಾಠದ ಸಾಮಗ್ರಿಯನ್ನು ನಕಲು ಮಾಡಿ ಬಳಸಲು ಒಪ್ಪಿಗೆ, ಯಾರ ಖರ್ಚು ಯಾವುದು. ಸಾಮಗ್ರಿ ಬಳಕೆಯ ಆ ಸಾಲು ಹೆಚ್ಚಿನ ಪತ್ರಗಳಲ್ಲಿ ಇರುವುದೇ ಇಲ್ಲ. ಆಮೇಲೆ ಅಲ್ಲಿಯ ಇಲಾಖೆ ಬದಲಾದಾಗ ಇಲ್ಲಿಯವರು ಟಿಪ್ಪಣಿ ಹಂಚಲೂ ಹಿಂಜರಿಯುತ್ತಾರೆ.

ಕ್ರೈಸ್ತ ಸಂಸ್ಥೆಗಳಿಗೇ ವಿಶೇಷವಾದ ಅಪಾಯ ಇನ್ನೊಂದು: ವರ್ಗಾವಣೆ. ಪ್ರಿನ್ಸಿಪಾಲರಾದ ಫಾದರ್ ಅಥವಾ ಸಿಸ್ಟರನ್ನು ಧರ್ಮಪ್ರಾಂತ್ಯವೋ ಅವರ ಧಾರ್ಮಿಕ ಸಭೆಯೋ ಕೆಲವು ವರ್ಷಕ್ಕೊಮ್ಮೆ ಬೇರೆ ಊರಿಗೆ ಕಳಿಸುತ್ತದೆ. ಇಬ್ಬರು ಪ್ರಿನ್ಸಿಪಾಲರ ಸ್ನೇಹದಿಂದ ಹುಟ್ಟಿದ ವಿನಿಮಯ ಅವರಲ್ಲೊಬ್ಬರು ಹೊರಟ ಮೇ ತಿಂಗಳಲ್ಲೇ ನಿಲ್ಲುತ್ತದೆ. ಆದ್ದರಿಂದ ಸಂಯೋಜಕರಾಗಿ ವರ್ಗಾವಣೆ ಇಲ್ಲದ ಕಾಯಂ ಅಧ್ಯಾಪಕರೊಬ್ಬರನ್ನು, ಅವರ ಜೊತೆಗೆ ಕಿರಿಯರೊಬ್ಬರನ್ನು ಎರಡೂ ಕಡೆ ನೇಮಿಸಿ. ಕಡತ ಪ್ರಿನ್ಸಿಪಾಲರ ಕೋಣೆಯಲ್ಲಲ್ಲ, ವಿಭಾಗದ ಬೀರುವಿನಲ್ಲಿರಲಿ. ಅದರಲ್ಲಿ ಟೈಮ್‌ಟೇಬಲ್, ಗಂಟೆಗಂಟೆಯ ಪಾಠ ಯೋಜನೆ, ಪ್ರಶ್ನೆಪತ್ರಿಕೆ, ಷರಾ ಬರೆದ ಹಳೆಯ ವರದಿಗಳು, ಯಾವ ದಿನ ಯಾವುದು ಕೆಟ್ಟಿತು ಎಂಬ ಒಂದು ಹಾಳೆ. ಹೊಸ ಪ್ರಿನ್ಸಿಪಾಲರು ಅಧಿಕಾರ ವಹಿಸಿಕೊಂಡ ಮೊದಲ ವಾರದಲ್ಲೇ ಆ ಕಡತವನ್ನು ಅವರ ಮೇಜಿನ ಮೇಲಿಟ್ಟು, ಸೆಪ್ಟೆಂಬರಿನ ದಿನಾಂಕಗಳನ್ನು ಕಾಲೇಜು ಕ್ಯಾಲೆಂಡರಿಗೆ ಸೇರಿಸಿಕೊಳ್ಳಿ. ಜೂನ್‌ನಲ್ಲಿ ಕ್ಯಾಲೆಂಡರ್ ಅಚ್ಚಿಗೆ ಹೋದ ಮೇಲೆ ಆ ವರ್ಷಕ್ಕೆ ಜಾಗ ಸಿಗುವುದಿಲ್ಲ.